ಬಾಟಲಿಯನ್ನಲ್ಲ, ಕೈಯನ್ನು ನೋಡಬೇಕಿತ್ತು

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವವಳು ನಾನು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕೆಲವು ವರ್ಷಗಳ ಹಿಂದಿನ ಒಂದು ಬೆಳಗ್ಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ವಾಂತಿಭೇದಿಯಾಗಿ ದಾಖಲಾದ ಒಂದು ವರ್ಷದ ಮಗು. ಎಡಗೈಯ ನರಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿ ಡ್ರಿಪ್ಸ್ ಕೊಡುತ್ತಿದ್ದರು. ಮಗು ಎಳೆದು ಹಾಕದಿರಲಿ ಎಂದು ಮೊಣಕೈವರೆಗೂ ಬ್ಯಾಂಡೇಜ್ ಸುತ್ತಿದ್ದರು. ನಾನು ಡ್ಯೂಟಿಗೆ ಬಂದು ಬಿಚ್ಚಿ ನೋಡಿದರೆ ಕೈ ಬಿಳಿಚಿ, ಬಿಗಿದು, ತಣ್ಣಗಾಗಿತ್ತು. ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದ ಕಪ್ಪು ದಾರ ಚರ್ಮದೊಳಗೆ ಹೂತುಹೋಗಿತ್ತು. ಕ್ಯಾನುಲಾ ನರದಿಂದ ಜಾರಿ, ಡ್ರಿಪ್ಸಿನ ನೀರೆಲ್ಲ ಮಾಂಸದೊಳಗೆ ಇಳಿದಿತ್ತು.

ತಾಯಿ ಅತ್ತುಬಿಟ್ಟರು. "ಸಿಸ್ಟರೇ, ನಾನು ಕಣ್ಣು ಮುಚ್ಚಲಿಲ್ಲ. ನೀರು ಖಾಲಿಯಾಗುತ್ತದೋ ಅಂತ ಬಾಟಲಿಯನ್ನೇ ನೋಡ್ತಾ ಇದ್ದೆ."

ರಾತ್ರಿಯ ಸಿಸ್ಟರ್ ಹೇಳಿದ್ದು "ನೀರ್ ವನ್ನಾಲ್ ಪರಯಣಂ" ಎಂದು. ಮಲಯಾಳದಲ್ಲಿ ನೀರ್ ಎಂದರೆ ಬಾವು. ಕೈ ಬೀಗಿದರೆ ಹೇಳಿ ಎಂಬ ಮಾತು. ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ ಆ ತಾಯಿಗೆ ಕೇಳಿಸಿದ್ದು ನೀರು ಮಾತ್ರ.

ಡ್ರಿಪ್ಸ್ ನಿಲ್ಲಿಸಿ, ಕ್ಯಾನುಲಾ ತೆಗೆದು, ದಾರ ಕತ್ತರಿಸಿ, ಮಡಚಿದ ಟವೆಲಿನ ಮೇಲೆ ಕೈ ಎತ್ತಿಟ್ಟೆವು. ಸಂಜೆಗೆ ಬಾವು ಇಳಿಯಿತು. ಬರೀ ಸಲೈನ್ ಆದ ಕಾರಣ ಬಚಾವ್. ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಹೋಗುತ್ತಿದ್ದರೆ ಚರ್ಮವೇ ಸುಟ್ಟ ಹಾಗೆ ಆಗಿ, ಗಾಯ ಮಾಗಿದರೂ ಕಲೆ ಉಳಿಯುತ್ತಿತ್ತು.

ತಪ್ಪು ತಾಯಿಯದ್ದಲ್ಲ. ಗಂಟೆಗೊಮ್ಮೆ ನೋಡಬೇಕಾದವರು ನಾವು. ಒಬ್ಬಳ ಮೇಲೆ ಹದಿನೈದು ಮಕ್ಕಳಿರುವ ರಾತ್ರಿ ಅದೆಷ್ಟು ಕಷ್ಟ ಎಂದು ನನಗೂ ಗೊತ್ತು. ಆದರೆ ನೋಡಲಿಕ್ಕೇ ಆಗದ ಹಾಗೆ ಬ್ಯಾಂಡೇಜ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಸೂಜಿ ಚುಚ್ಚಿದ ಜಾಗಕ್ಕೆ ಪಾರದರ್ಶಕ ಪ್ಲಾಸ್ಟರ್ ಹಾಕಿ, ಪಟ್ಟಿಯನ್ನು ಹಗುರವಾಗಿ ಕಟ್ಟಿ, ಬೆರಳ ತುದಿಗಳನ್ನು ಹೊರಗೆ ಬಿಡಬೇಕು. ಡ್ರಿಪ್ಸ್ ತಳ್ಳುವ ಪಂಪ್ ಇದ್ದರೂ ನೆಚ್ಚಿ ಕೂರಬಾರದು. ನೀರು ನರಕ್ಕೆ ಹೋಗುತ್ತಿದೆಯೋ ಮಾಂಸಕ್ಕೋ ಅದಕ್ಕೆ ತಿಳಿಯದು, ಅಲಾರಂ ಹೊಡೆಯದೆ ತಳ್ಳುತ್ತಲೇ ಇರುತ್ತದೆ. ಮಾತು ಬಾರದ ಮಗು ಅತ್ತರೆ ಹಸಿವೆ ಎಂದುಕೊಳ್ಳುತ್ತೇವೆ. ಮೊದಲು ಕೈ ಮುಟ್ಟಿ ನೋಡಬೇಕು.

ಇನ್ನೊಂದು ಮಾತು ಭಾಷೆಯದ್ದು. ಕಾಸರಗೋಡಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳದ ಕಾನೂನೇ ಹೇಳುತ್ತದೆ. ಮಗುವಿನ ಮಂಚದ ಪಕ್ಕ ನಾಲ್ಕು ಸಾಲು ಕನ್ನಡ ಯಾಕಿಲ್ಲ? ಕೈ ಬೀಗಿದರೆ, ಕೆಂಪಾದರೆ, ತಣ್ಣಗಾದರೆ, ಪಟ್ಟಿ ಒದ್ದೆಯಾದರೆ ಕೂಡಲೇ ಕರೆಯಿರಿ. ಇಷ್ಟು ಬರೆದರೆ ಸಾಕು.

ನನ್ನ ಜೊತೆಯ ಮಲಯಾಳಿ ಹುಡುಗಿಯರು ಕೆಲಸದಲ್ಲಿ ಚುರುಕು, ಮಕ್ಕಳೆಂದರೆ ಪ್ರಾಣ. ಅವರಿಗೆ ಈಗ "ಬೀಗುವುದು" ಎಂಬ ಶಬ್ದ ಕಲಿಸಿದ್ದೇನೆ. ಡ್ರಿಪ್ಸ್ ಹಾಕಿದ ಮೇಲೆ ತಾಯಿಯ ಬೆರಳು ಹಿಡಿದು ಮಗುವಿನ ಎರಡೂ ಕೈಗಳ ಮೇಲೆ ಇಡಿಸುತ್ತೇವೆ. ಈ ಕೈ ಹೀಗುಂಟು, ಆ ಕೈ ಹೀಗುಂಟು, ವ್ಯತ್ಯಾಸ ಕಂಡರೆ ಕೂಗಿ ಅಮ್ಮಾ, ಎಷ್ಟು ಹೊತ್ತಾಗಿದ್ದರೂ ಬರುತ್ತೇವೆ.