ಯಾರೂ ನೆಟ್ಟಿಲ್ಲ

ಶನಿವಾರ ಚಿಕ್ಕಪ್ಪನನ್ನು ಇಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ಫೆಷಿ ಕಣಿವೆಗೆ ಕರೆದುಕೊಂಡು ಹೋಗಿದ್ದೆ. ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದವರು ತಟ್ಟನೆ ನಿಂತರು. ಎಲ್ಲಿ ನೋಡಿದರೂ ಎಳೆ ಪೈನ್. ಕೆಲವು ಮೊಣಕಾಲೆತ್ತರ, ಕೆಲವು ನನ್ನ ಎರಡರಷ್ಟು. "ಎಷ್ಟು ಜನ ಸೇರಿ ನೆಟ್ಟಿರಬೇಕು ಇದನ್ನೆಲ್ಲ?" ಅಂದರು. "ಯಾರೂ ನೆಟ್ಟಿಲ್ಲ ಚಿಕ್ಕಪ್ಪ, ತಾನಾಗೇ ಹುಟ್ಟಿದ್ದು" ಅಂದೆ.

ಊರಿಂದ ಮೊನ್ನೆ ಬಂದ ಅವರು ಹಾಗೆ ಕೇಳಿದ್ದು ಸಹಜ. ಆದರೆ ಅಲ್ಲಿ ತೆಗೆದ ಫೋಟೋ ಹಾಕಿದ ಮೇಲೆ ಇಲ್ಲೇ ಹತ್ತಾರು ವರ್ಷದಿಂದ ಇರುವ ಗೆಳೆಯರೂ ಅದನ್ನೇ ಕೇಳಿದರು. ಯಾರು ನೆಟ್ಟಿದ್ದು? ಮುಂದಿನ ಸಲ ನೆಡೋದು ಯಾವಾಗ, ಮಕ್ಕಳನ್ನು ಕರೆತರಬಹುದಾ? ಎರಡು ದಿನದಿಂದ ಇದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಡು ಅಂದರೆ ಗುಂಡಿ ತೋಡಿ, ಸಸಿ ಇಟ್ಟು, ನೀರು ಹುಯ್ಯೋದು ಅಂತ ನಮಗೆಲ್ಲ ಯಾಕೆ ಅನ್ನಿಸಿಬಿಟ್ಟಿದೆ? ನಾನೂ ಶಾಲೆಯಲ್ಲಿ ವನಮಹೋತ್ಸವ ಮಾಡಿಯೇ ಬೆಳೆದವಳು. ನಮ್ಮೂರ ಗುಡ್ಡದ ಮೇಲೆ ಅಕೇಶಿಯಾ ನೆಟ್ಟು ಅದನ್ನೂ ಕಾಡು ಅಂತ ಕರೆದದ್ದನ್ನು ನೋಡಿದ್ದೇನೆ.

ಸ್ಕಾಟ್ಲೆಂಡಿನ ಹಳೆಯ ಪೈನ್ ಕಾಡು ಈಗ ಚೂರುಪಾರು ಮಾತ್ರ ಉಳಿದಿದೆ. ಉಳಿದುಕೊಂಡ ಕಡೆಯೂ ಇನ್ನೂರು, ಮುನ್ನೂರು ವರ್ಷದ ಮುದಿ ಮರಗಳೇ ಜಾಸ್ತಿ. ಇಲ್ಲಿಯವರು ಅವನ್ನು ಅಜ್ಜಿ ಪೈನ್ ಅಂತಾರೆ. ಮನೆ ತುಂಬ ಅಜ್ಜಿಯರು, ಒಂದು ಮಗುವೂ ಇಲ್ಲ, ಹಾಗಿತ್ತು ಎಷ್ಟೋ ಕಣಿವೆಗಳ ಸ್ಥಿತಿ. ಅಜ್ಜಿಯರಿಗೆ ಬೀಜ ಕಡಿಮೆಯಾಗಿರಲಿಲ್ಲ. ಕಾಯಿ ಬಲಿಯಲು ಎರಡು ವರ್ಷ ಬೇಕು. ಆಮೇಲೆ ಬಿಸಿಲು ಬಿದ್ದ ಒಣ ದಿನ ಅದು ಬಿರಿಯುತ್ತದೆ, ರೆಕ್ಕೆ ಇರುವ ಬೀಜ ಗಾಳಿಯಲ್ಲಿ ಹಾರುತ್ತದೆ. ಹೀದರ್ ಪೊದೆಯ ನಡುವೆ ಒಂದಿಷ್ಟು ಬರಿ ಮಣ್ಣು ಸಿಕ್ಕರೆ ಸಾಕು, ಮೊಳೆಯುತ್ತದೆ. ಮೊಳೆಯುತ್ತಲೇ ಇತ್ತು. ಚಳಿಗಾಲದಲ್ಲಿ ಜಿಂಕೆ ಬಂದು ಕುಡಿ ಚಿವುಟುತ್ತಿತ್ತು, ಅಷ್ಟೇ.

ಚಿಕ್ಕಪ್ಪನಿಗೆ ಅಂಥದ್ದೊಂದು ತೋರಿಸಿದೆ. ಹೀದರ್ ಸರಿಸಿದರೆ ಒಳಗೆ ಒಂದು ಗೇಣಿನ ಸಸಿ. ತುದಿ ಮೊಂಡು. ಪಕ್ಕದಿಂದ ಮತ್ತೆ ಚಿಗುರು ಬಂದಿತ್ತು, ಅದರ ತುದಿಯೂ ಮೊಂಡು. ಬುಡ ಮಾತ್ರ ನನ್ನ ಹೆಬ್ಬೆರಳಷ್ಟು ದಪ್ಪ. ಎಷ್ಟು ವರ್ಷ ಹೀಗೆ ತಲೆ ಎತ್ತಲು ನೋಡಿತ್ತೋ ಪಾಪ.

ಗ್ಲೆನ್ ಫೆಷಿಯಲ್ಲಿ ಮಾಡಿದ್ದು ಆ ಬಾಯಿಗಳನ್ನು ಕಡಿಮೆ ಮಾಡಿದ್ದು. 2004ರಲ್ಲಿ ಇಲ್ಲಿ ಜಿಂಕೆ ಹೊಡೆದಾಗ ದೊಡ್ಡ ಗಲಾಟೆಯೇ ಆಗಿತ್ತು. 2006ರಲ್ಲಿ ಡೆನ್ಮಾರ್ಕಿನ ಉದ್ಯಮಿ ಆಂಡರ್ಸ್ ಪೋವ್ಲ್ಸೆನ್ ಈ ಎಸ್ಟೇಟ್ ಕೊಂಡ ಮೇಲೂ ಆ ಕೆಲಸ ನಿಲ್ಲಲಿಲ್ಲ. ಈಗ ಚದರ ಕಿಲೋಮೀಟರಿಗೆ ಒಂದೆರಡು ಜಿಂಕೆ ಇದ್ದರೆ ಹೆಚ್ಚು. ಸ್ಕಾಟ್ಲೆಂಡಿನದೇ ಇನ್ನೊಂದು ಸಂರಕ್ಷಿತ ಜಾಗ ಕ್ರೇಗ್ ಮೆಗಿಯಲ್ಲಿ 1985ರ ನಂತರ ಜಿಂಕೆಗಳ ಸಂಖ್ಯೆ ಇಳಿಸಿದಾಗ ಬರ್ಚ್ ಮರ ಹೀಗೇ ಎದ್ದುಬಂತು. 1995ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅನ್ನುವ ಸಂರಕ್ಷಣಾ ಸಂಸ್ಥೆ ಕೊಂಡ ಮಾರ್ ಲಾಡ್ಜ್ ಎಸ್ಟೇಟಿನಲ್ಲಿ ಪೈನ್ ಕೂಡ. ಜನ ಕೇಳಬೇಕಾದದ್ದು ಯಾರು ನೆಟ್ಟರು ಅಂತಲ್ಲ, ಯಾರು ಕಾದರು ಅಂತ.

"ಜಿಂಕೆ ಕೊಲ್ಲೋದು ಪಾಪ ಅಲ್ವಾ, ನಿಮ್ಮಂಥವರು ಇದನ್ನು ಹೊಗಳೋದಾ?" ಅಂತ ಒಬ್ಬರು ಮೆಸೇಜ್ ಮಾಡಿದ್ದರು. ನಮ್ಮ ಮನೆಯೊಳಗೆ ಮೊಟ್ಟೆಯೂ ಬರುತ್ತಿರಲಿಲ್ಲ ಅಂತ ನಿಮಗೆಲ್ಲ ಗೊತ್ತು. ಇಲ್ಲಿಗೆ ಬಂದ ಮೊದಲ ವರ್ಷ, ಹೊಡೆದ ಜಿಂಕೆಯನ್ನು ಗಾಡಿಗೆ ಹಾಕುವುದನ್ನು ನೋಡಿ ರಾತ್ರಿ ಊಟ ಸೇರಿರಲಿಲ್ಲ. ಈಗಲೂ ಗುಂಡಿನ ಸದ್ದು ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೂ ಹೇಳುತ್ತೇನೆ, ಇದು ಆಗಲೇಬೇಕು. ಬಂಡೀಪುರದಲ್ಲಿ ಹುಲಿ ಇದೆ, ಕೆನ್ನಾಯಿ ಇದೆ. ಇಲ್ಲಿ ತೋಳವನ್ನು ಮನುಷ್ಯರೇ ಮುಗಿಸಿ ಶತಮಾನಗಳಾದವು. ಕೆಂಪು ಜಿಂಕೆ ನಮ್ಮ ಕಡವೆಯ ಹಾಗೆ ಕಾಡಿನ ಪ್ರಾಣಿ. ಮರ ಇಲ್ಲದ ಬೋಳು ಗುಡ್ಡದಲ್ಲಿ ಅದು ಸೊರಗುತ್ತದೆ, ಚಳಿಗಾಲದ ಕೊನೆಗೆ ಹಸಿವಿನಿಂದ ಸಾಯುತ್ತದೆ. ಅದು ಯಾರ ಕಣ್ಣಿಗೂ ಬೀಳದ ಸಾವು, ಹಾಗಾಗಿ ಯಾರಿಗೂ ಪಾಪ ಅನ್ನಿಸುವುದಿಲ್ಲ.

ಬೇಲಿ ಹಾಕಬಹುದಲ್ಲ ಅಂತೀರಾ? ಹಾಕಿ ನೋಡಿದ್ದಾರೆ. ಕ್ಯಾಪರ್‌ಕೇಲಿ ಅಂತ ಕಾಡುಕೋಳಿ ಜಾತಿಯ ದೊಡ್ಡ ಹಕ್ಕಿ, ಈ ಪೈನ್ ಕಾಡನ್ನೇ ನಂಬಿದ್ದು. ಹಾರುವಾಗ ಜಿಂಕೆ ಬೇಲಿಯ ತಂತಿಗೆ ಬಡಿದು ಸಾಯುತ್ತದೆ. 2021-22ರ ಎಣಿಕೆಯಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಸುಮಾರು 540 ಉಳಿದಿದ್ದವು. ಬೇಲಿಯ ಮಾತೆತ್ತುವ ಮುಂಚೆ ಆ ಹಕ್ಕಿಯನ್ನೂ ನೆನೆಯಿರಿ. ತಾಯಿ ಮರವೇ ಉಳಿಯದ ಕಡೆ ನೆಡಲಿ, ಬೇಡ ಅನ್ನುವುದಿಲ್ಲ. ಅಜ್ಜಿ ಪಕ್ಕದಲ್ಲೇ ನಿಂತಿರುವಾಗ ಗುದ್ದಲಿ ಯಾಕೆ?

ಮಕ್ಕಳನ್ನು ಖಂಡಿತ ಕರೆತನ್ನಿ. ನೆಡಲು ಅಲ್ಲ, ಎಣಿಸಲು. ಪೈನ್ ಗಿಡ ವರ್ಷಕ್ಕೊಂದು ಸುತ್ತು ಕೊಂಬೆ ಬಿಡುತ್ತದೆ. ಬುಡದಿಂದ ಸುತ್ತು ಎಣಿಸುತ್ತಾ ಹೋದರೆ ಗಿಡದ ವಯಸ್ಸು ಹೆಚ್ಚುಕಡಿಮೆ ಸಿಗುತ್ತದೆ. ಚಿಕ್ಕಪ್ಪನಿಗೆ ಹೇಳಿಕೊಟ್ಟಿದ್ದೇ ತಡ, ನನ್ನನ್ನು ಅಲ್ಲೇ ಬಿಟ್ಟು ಗಿಡದಿಂದ ಗಿಡಕ್ಕೆ ಹೊರಟೇಬಿಟ್ಟರು. ಆರು. ಒಂಬತ್ತು. ಸ್ವಲ್ಪ ಹೊತ್ತಿಗೆ ಮರಗಳ ಹಿಂದಿನಿಂದ ದನಿ ಬಂತು. "ಬಾರೇ ಇಲ್ಲಿ, ಇದಕ್ಕೆ ಹದಿನೇಳು!"