ಎಲ್ಲಿ ಕೂರುವುದು?

"ನಾಳೆ ಸಭೆಗೆ ಎಲ್ಲಿ ಸೇರೋಣ?" ಎಂದು ಯಾರೋ ಕೇಳಿದ್ದೇ ತಡ, ಯಾವ ವಿಷಯಕ್ಕೆ ಸೇರಬೇಕಿತ್ತೋ ಅದು ಮೂಲೆಗೆ ಬಿತ್ತು. ಗಾಜಿನ ಕೋಣೆ ಬೇಡವಂತೆ, ಹೋಗಿಬರುವವರೆಲ್ಲ ಇಣುಕುತ್ತಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿಲು ಹಾಕಿ ಕೂತರೆ ನಮ್ಮದೇ ಉಸಿರು ತುಂಬಿ ನಮಗೇ ತೂಕಡಿಕೆ. ದೊಡ್ಡ ಹಾಲಿನಲ್ಲಿ ಕೊನೆಯವರಿಗೆ ಮಾತು ಕೇಳಿಸದು (ಕೆಲವರಿಗೆ ಅದೇ ಅನುಕೂಲ). ಎಲ್ಲರೂ ಒಪ್ಪಿದ ಜಾಗ ಒಂದೇ ಒಂದು: ಆ ಹೊತ್ತಿಗೆ ಬೇರೆಯವರು ಬುಕ್ ಮಾಡಿಟ್ಟಿದ್ದ ಕೋಣೆ.

ನನಗೆ ನೆಪೋಲಿಯನ್ ನೆನಪಾದ. 1807ರ ಜೂನ್ ತಿಂಗಳು. ಅವನೂ ರಷ್ಯಾದ ತ್ಸಾರ್ ಒಂದನೇ ಅಲೆಕ್ಸಾಂಡರನೂ ಸಂಧಿ ಮಾತಾಡಬೇಕು. ಆದರೆ ಯಾರ ದಡಕ್ಕೆ ಯಾರು ಹೋಗುವುದು? ಹೋದವನೇ ತಗ್ಗಿದಂತಾಗುತ್ತದಲ್ಲ! ಕೊನೆಗೆ ಟಿಲ್ಸಿಟ್ ಊರಿನ ಬಳಿ ನೇಮನ್ ನದಿಯ ನಟ್ಟನಡುವೆ ಒಂದು ತೆಪ್ಪ ನಿಲ್ಲಿಸಿ, ಅದರ ಮೇಲೊಂದು ಮಂಟಪ ಕಟ್ಟಿದರು. ಒಂದು ಬದಿಗೆ 'ಎನ್', ಇನ್ನೊಂದು ಬದಿಗೆ 'ಎ' ಎಂದು ದೊಡ್ಡ ಅಕ್ಷರ. ಇಬ್ಬರೂ ತಂತಮ್ಮ ದಡದಿಂದ ದೋಣಿ ಹತ್ತಿ ಬಂದರು, ಅಪ್ಪಿಕೊಂಡರು, ಒಳಗೆ ಹೋಗಿ ಕೂತರು. ಯಾರೂ ಇಣುಕುವಂತಿಲ್ಲ, ಗಾಳಿಗೆ ಬರವಿಲ್ಲ, ಮಧ್ಯೆ ಎದ್ದು ಹೋಗುವಂತೆಯೂ ಇಲ್ಲ. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ!

ಆ ಯುದ್ಧದಲ್ಲಿ ತ್ಸಾರ್‌ನ ಜೊತೆಗಿದ್ದ, ಜರ್ಮನ್ ರಾಜ್ಯವಾದ ಪ್ರಷ್ಯದ ರಾಜ ಮೂರನೇ ಫ್ರೆಡ್ರಿಕ್ ವಿಲಿಯಂ ಮಾತ್ರ ಮಳೆಯಲ್ಲಿ ದಡದ ಮೇಲೇ ನಿಂತಿದ್ದನಂತೆ. ಅವತ್ತು ಅವನಿಗೆ ಕರೆ ಇರಲಿಲ್ಲ. ಮುಂದಿನ ತಿಂಗಳು ಒಪ್ಪಂದಕ್ಕೆ ರುಜು ಬೀಳುವ ಹೊತ್ತಿಗೆ ಅವನ ರಾಜ್ಯದ ಸುಮಾರು ಅರ್ಧ ಭಾಗ ಹೋಗಿತ್ತು. ಸಭೆಗೆ ಜಾಗ ಹುಡುಕುವವರು ಮೇಜು, ಬೆಳಕು, ಕುರ್ಚಿ ಎಲ್ಲ ನೋಡುತ್ತಾರೆ. ದಡದಲ್ಲಿ ಯಾರು ಉಳಿದರು ಎಂದು ನೋಡುವವರು ಕಡಿಮೆ. ಇನ್ನು ತೆಪ್ಪದ ಮೇಲಿನ ಸ್ನೇಹವೋ, 1812ರಲ್ಲಿ ನೆಪೋಲಿಯನ್ ಅದೇ ನೇಮನ್ ದಾಟಿ ರಷ್ಯಾದ ಮೇಲೆ ದಂಡೆತ್ತಿ ಹೋದ. ಜಾಗದ್ದೇನೂ ತಪ್ಪಿರಲಿಲ್ಲ.

ವಿಯೆಟ್ನಾಂ ಯುದ್ಧದ ಮಾತುಕತೆಗೆ ಪ್ಯಾರಿಸ್‌ನಲ್ಲಿ ಸೇರಿದವರದು ಇನ್ನೂ ಚೆನ್ನ. ಮೇಜು ಯಾವ ಆಕಾರದ್ದಿರಬೇಕೆಂದು ವಾರಗಟ್ಟಲೆ ಜಗ್ಗಾಡಿ, 1969ರ ಜನವರಿಯಲ್ಲಿ ದುಂಡು ಮೇಜಿಗೆ ಒಪ್ಪಿದರು. ಅಷ್ಟು ದಿನವೂ ಅತ್ತ ಜನ ಸಾಯುತ್ತಲೇ ಇದ್ದರು.

ಬ್ರಿಟನ್ನಿನಲ್ಲಿ ದೊರೆಗೆ ಸಲಹೆ ಕೊಡುವ ಪ್ರಿವಿ ಕೌನ್ಸಿಲ್ ಎಂಬ ಮಂಡಳಿಯ ಸಭೆಯಲ್ಲಿ ಯಾರೂ ಕೂರುವುದಿಲ್ಲ, ನಿಂತೇ ಮುಗಿಸುತ್ತಾರೆ. ನಾವೂ ಹಾಗೇ ಮಾಡೋಣವೇ ಎಂದೆ. ಮೊಣಕಾಲು ನೋವಿನವರೊಬ್ಬರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಇನ್ನೊಬ್ಬರು, "ಪ್ರೊಜೆಕ್ಟರ್‌ಗೆ ಏನು ಮಾಡೋದು?" ಎಂದರು.

ಆ ಪ್ರೊಜೆಕ್ಟರ್ ಕಂಡರೇ ನನಗೆ ಆಗದು. ಮೊದಲು ಎಲ್ಲರೂ ಮೇಜಿನಡಿ ತೂರಿ ವೈರು ಹುಡುಕಬೇಕು. ಸಿಕ್ಕಿದ ವೈರಿನ ತುದಿ ಯಾರ ಲ್ಯಾಪ್‌ಟಾಪಿಗೂ ಹೊಂದುವುದಿಲ್ಲ. ಹೇಗೋ ಹೊಂದಿಸಿದಿರೋ, ದೀಪ ಆರಿಸಿ, ಪರದೆಯ ಮೇಲೆ ಕಾಣುವುದನ್ನೇ ಒಬ್ಬರು ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತಾರೆ. ಓದು ನಮಗೂ ಬರುತ್ತದೆ ಸ್ವಾಮಿ! ಹಿಂದಿನ ದಿನವೇ ಕಳಿಸಿಬಿಟ್ಟಿದ್ದರೆ ಮನೆಯಲ್ಲೇ ಕಾಲು ಚಾಚಿಕೊಂಡು ಓದಿ ಮುಗಿಸುತ್ತಿದ್ದೆವು.