ದಾಯಾದಿಗಳು

ಪುಸ್ತಕದ ಕಪಾಟಿನಲ್ಲಿ ನಿಘಂಟು ಎತ್ತಿಕೊಂಡೆ. ಬೆನ್ನೆಲ್ಲ ಪೊಳ್ಳು, ಹಿಂದಿನ ಹಲಗೆ ತುಂಬ ಗೆದ್ದಲಿನ ಮಣ್ಣಿನ ಗೆರೆ. ಅಡಿಯಲ್ಲಿದ್ದ ಜಿರಲೆಯೊಂದು ಸರ್ರನೆ ನನ್ನ ಕಾಲ ಮೇಲೆಯೇ ಓಡಿತು. ಭಾವ ಬಗ್ಗಿ ನೋಡಿ, "ಬಿಳಿ ಇರುವೆ ಕಾಟ" ಅಂದರು.

ಇರುವೆಯಂತೆ! ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇರುವೆಯ ನೆಂಟರು ಕಣಜ, ಜೇನು. ಅಲ್ಲಿ ಗಂಡು ಕೂಡಿದ ಮೇಲೆ ಸಾಯುತ್ತದೆ. ಗೆದ್ದಲಿನಲ್ಲಿ ರಾಜ ರಾಣಿಯ ಜೊತೆಗೇ ಸಂಸಾರ ಮಾಡಿಕೊಂಡಿರುತ್ತಾನೆ. ಗೆದ್ದಲು ಅಪ್ಪಟ ಜಿರಲೆ ವಂಶ. 2007ರಲ್ಲಿ ಡಿಎನ್‌ಎ ಹೋಲಿಸಿ ನೋಡಿದವರು, ಗೆದ್ದಲಿಗೆ ಬೇರೆ ಗಣವೇ ಬೇಡ, ಜಿರಲೆಗಳ ಜೊತೆಗೇ ಸೇರಿಸಿ ಅಂದುಬಿಟ್ಟರು.

ಅದಕ್ಕೆ ತೀರಾ ಹತ್ತಿರದ ನೆಂಟ ಕ್ರಿಪ್ಟೋಸರ್ಕಸ್ ಎಂಬ ಜಿರಲೆ. ಇದರ ಕಥೆ ಸ್ವಲ್ಪ ಕೇಳಿ. ರೆಕ್ಕೆ ಇಲ್ಲ. ಉತ್ತರ ಅಮೆರಿಕ, ಏಷ್ಯಾದ ಕೆಲವು ಕಾಡುಗಳಲ್ಲಿ, ಕೊಳೆಯುವ ಮರದ ದಿಮ್ಮಿಯೊಳಗೆ ವಾಸ. ದಿಮ್ಮಿಯೇ ಮನೆ, ದಿಮ್ಮಿಯೇ ಊಟ. ಗಂಡ ಹೆಂಡತಿ ಇಬ್ಬರೂ ಕೂಡಿ ಮಕ್ಕಳನ್ನು ವರ್ಷಗಟ್ಟಲೆ ಸಾಕುತ್ತಾರೆ. ಕಷ್ಟ ಏನೆಂದರೆ, ಮರ ಜೀರ್ಣ ಮಾಡುವುದು ಅವುಗಳ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು, ಮರಿ ಹುಟ್ಟುವಾಗ ಅವು ಇರುವುದಿಲ್ಲ. ಎಲ್ಲಿಂದ ಬರಬೇಕು? ಅಪ್ಪ ಅಮ್ಮನ ಹಿಂಬದಿಯಿಂದ. ಮರಿ ಅಲ್ಲಿಗೇ ಬಾಯಿಡುತ್ತದೆ. ಮುಖ ಸಿಂಡರಿಸಬೇಡಿ, ಅದರ ಪಾಲಿಗೆ ಇದೇ ಅನ್ನಪ್ರಾಶನ. ಗೆದ್ದಲಿನ ಎಷ್ಟೋ ಜಾತಿಗಳಲ್ಲೂ ಇದೇ ಪದ್ಧತಿ. ಅಲ್ಲಂತೂ ಪೊರೆ ಬಿಟ್ಟಾಗಲೆಲ್ಲ ಆ ಜೀವಿಗಳು ಹೊರಟೇ ಹೋಗುತ್ತವೆ, ಮತ್ತೆ ಯಾರದಾದರೂ ಹಿಂದೆ ನಿಲ್ಲಬೇಕು. ಮನೆ ಬಿಟ್ಟು ಹೋಗುವ ಮಾತೇ ಇಲ್ಲ.

ಇಷ್ಟಾದರೂ ಹೊಗಳಿಕೆಯೆಲ್ಲ ಗೆದ್ದಲಿಗೆ. ಏನು ಒಗ್ಗಟ್ಟು, ಏನು ದುಡಿಮೆ! ಜಿರಲೆಗೆ ಮಾತ್ರ ಚಪ್ಪಲಿ ಏಟು. 4,000ಕ್ಕೂ ಜಾಸ್ತಿ ಜಾತಿಯ ಜಿರಲೆಗಳಿವೆ, ನಮ್ಮ ಮನೆಗಳಿಗೆ ನುಗ್ಗುವವು ಕೆಲವೇ ಕೆಲವು. ಅವೂ ಪುಸ್ತಕದ ಅಂಟು ಕೆರೆದು ತಿನ್ನಬಹುದು, ಹೊದಿಕೆ ಕೆಡಿಸಬಹುದು. ಪುಟಗಟ್ಟಲೆ ಸದ್ದಿಲ್ಲದೆ ನುಂಗುವ ಸಭ್ಯತೆ ಗೆದ್ದಲಿನದ್ದು.

ಹಾಗಾದರೆ ಮಿಕ್ಕ ಜಿರಲೆಗಳು ಯಾಕೆ ಊರು ಕಟ್ಟಲಿಲ್ಲ? ಅದಕ್ಕೂ ಬರೋಣ ಅಂದುಕೊಂಡಿದ್ದೆ. ಆದರೆ ಭಾವ ಈಗ ಕೂಡುಕುಟುಂಬದ ಗುಣಗಾನ ಶುರು ಮಾಡಿದ್ದಾರೆ, ಗೆದ್ದಲನ್ನು ನೋಡಿ ಕಲಿಯಬೇಕಂತೆ. ಮೊದಲು ಅವರಿಗೆ ಆ ಊಟದ ಪದ್ಧತಿ ವಿವರಿಸಿ ಬರುತ್ತೇನೆ.